ಮಾತ್ರೆ ನಿಲ್ಲಿಸಿದ ದಿನಾಂಕ

ಮಾರ್ಚ್ 3, ಸಂಜೆ

ಸಂತಾಪಸಭೆಯಲ್ಲಿ ಆಡಿದ್ದು ಇಷ್ಟೇ: “ಬಂದವರಿಗೆಲ್ಲ ಕೃತಜ್ಞತೆಗಳು. ಮಗ ಕೆರೆ ಈಜಿ ದಾಟುತ್ತೇನೆಂದು ಹೊರಟ, ದಾಟಲಿಲ್ಲ. ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ. ಅವನ ತಾಯಿಗೆ ಕೊಡಿ.” ಕುಳಿತೆ.

ಭಾವಮೈದ ಕಿವಿಯಲ್ಲಿ ಉಸುರಿದ: “ಭಾವ, ಸಂತಾಪಕ್ಕೂ ಖಂಡನೆ ಮಂಡಿಸ್ತೀರಲ್ಲ! ಕಾಲೇಜಿನ ಚರ್ಚಾಸ್ಪರ್ಧೆ ಮುಗಿದು ನಲವತ್ತು ವರ್ಷ ಆಯ್ತು.”

ಮಾರ್ಚ್ 4

ಮಗನಿಗೆ ಬೈಪೋಲಾರ್ ಇತ್ತು, ಅತ್ಯುತ್ಸಾಹ-ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ. ತನ್ನ ಮಿದುಳನ್ನು ಸಂಶೋಧನೆಗೆಂದು ಬದುಕಿದ್ದಾಗಲೇ ಬರೆದುಕೊಟ್ಟಿದ್ದನಂತೆ. ಪ್ರಯೋಗಾಲಯದಿಂದ ಫಾರಂ ಬಂದಿದೆ, ಹನ್ನೊಂದು ಪುಟ. ಮಾತ್ರೆಯ ಕಾಲಂ ಬಂದಾಗ ಹೆಂಡತಿ, “ಕೊನೇ ದಿನದವರೆಗೂ ತಗೊಂಡಿದ್ದ ಅಂತ ಬರೀರಿ. ದಿನಾ ನೀವೇ ಕೈಗೆ ಕೊಡ್ತಿದ್ರಲ್ಲ” ಎಂದಳು.

ಹಾಗೆಯೇ ಬರೆದೆ.

ಮಾರ್ಚ್ 9, ಬೆಳಿಗ್ಗೆ 11

ಪ್ರಯೋಗಾಲಯ. ಗೋಡೆಯುದ್ದಕ್ಕೂ ಫ್ರೀಜರುಗಳ ಗುಂಯ್‌ಗುಡುವಿಕೆ. ಸಂಶೋಧಕಿಗೆ ನನ್ನ ಮಗಳ ವಯಸ್ಸು.

“ಜೀನ್ ಸರಿಯಾಗೇ ಇರಬಹುದು ಸರ್. ಜೀವಕೋಶ ಅದರ ನಕಲು ತೆಗೆದು, ಕೆಲವು ತುಂಡು ಕತ್ತರಿಸಿ ಬಿಟ್ಟು, ಉಳಿದದ್ದನ್ನ ಜೋಡಿಸುತ್ತೆ. ಅದೇ ಸ್ಪ್ಲೈಸಿಂಗ್. ಬೈಪೋಲಾರ್ ಇರೋರಲ್ಲಿ ಆ ಜೋಡಣೆ ಕೆಲವು ಕಡೆ ಬೇರೆ ಥರ ಕಾಣುತ್ತೆ.”

“ಕಾಯಿಲೆಗೆ ಅದೇ ಕಾರಣವೋ?”

“ಗೊತ್ತಿಲ್ಲ ಸರ್. ಕಾರಣವೋ, ಪರಿಣಾಮವೋ, ಲಿಥಿಯಂ ಮಾತ್ರೆ ಮಾಡಿದ್ದೋ... ಅದಕ್ಕೇ ಮಾತ್ರೆಯ ಕಾಲಂ ಮುಖ್ಯ. ಅಲ್ಲಿ ತಪ್ಪಿದ್ರೆ ನಿಮ್ಮ ಮಗನ ಮಿದುಳಿನಿಂದ ನಾವು ಕಲಿಯೋದೆಲ್ಲ ತಪ್ಪೇ.”

“ಒಂದು ಕಾಲಂ ಬಾಕಿ ಇದೆ” ಎಂದು ಫಾರಂ ಚೀಲಕ್ಕೆ ಹಾಕಿಕೊಂಡು ಬಂದೆ.

ಮಾರ್ಚ್ 10

ಕಳೆದ ನವೆಂಬರ್ 18. ಊಟದ ಮೇಜು, ಮಗ ಮತ್ತು ನಾನು ಇಬ್ಬರೇ. “ಉತ್ಸಾಹ, ಬೇಸರ ಯಾರಿಗಿಲ್ಲ? ನಿನ್ನದು ರೋಗವೆಂಬುದಕ್ಕೆ ಪುರಾವೆ ಕೊಡು” ಎಂದಿದ್ದೆ. ಅವನ ಬಳಿ ಡಾಕ್ಟರ ಮಾತಿತ್ತು, ತನ್ನ ಅನುಭವವಿತ್ತು. ಎರಡೂ ಪುರಾವೆಯಲ್ಲವೆಂದೆ. ಅರ್ಧ ಗಂಟೆ. ಕೊನೆಗೆ ನಕ್ಕುಬಿಟ್ಟ: “ಆಯ್ತಪ್ಪ, ನೀವೇ ಗೆದ್ರಿ.”

ಮರುದಿನದಿಂದ ಮಾತ್ರೆ ಕೊಡಲಿಲ್ಲ. ಅಮ್ಮನಿಗೆ ತಿಳಿಸಬೇಡವೆಂದವನೂ ನಾನೇ.

ಮಾರ್ಚ್ 21, ಮಧ್ಯಾಹ್ನ

ಹನ್ನೊಂದು ದಿನ ನನ್ನ ಪರವಾಗಿ ವಾದ ಹೂಡಿ ನೋಡಿದೆ. ಮಾತ್ರೆ ನುಂಗಿದ್ದರೂ ನೀರಿಗಿಳಿಯುತ್ತಿದ್ದನೇನೋ... ಇರಬಹುದು. ಆದರೆ ಕಾಲಂನಲ್ಲಿ ಕೇಳಿದ್ದು ಅದಲ್ಲ.

ತಿದ್ದಿದೆ: “ನವೆಂಬರ್ 19ರಿಂದ ನಿಲ್ಲಿಸಲಾಗಿದೆ. ಕಾರಣ: ತಂದೆ.” ಬೆಳಿಗ್ಗೆ ಕೊಟ್ಟು ಬಂದೆ. ಯಾರನ್ನೂ ಕೇಳಲಿಲ್ಲ.

ಅಡುಗೆಮನೆಯಲ್ಲಿ ತಾಯಿ-ಮಗಳು ಯಾವುದಕ್ಕೋ ನಗುತ್ತಿದ್ದಾರೆ. ಇಷ್ಟು ದಿನಗಳಲ್ಲಿ ಇದೇ ಮೊದಲು. ಕರೆದೆ.

“ಒಂದ್ನಿಮಿಷ ಇರಿ, ಹಾಲು ಉಕ್ಕುತ್ತೆ!”

ಅಷ್ಟರೊಳಗೆ ಹೇಳಬೇಕಾದುದನ್ನು ಬರೆದಿಟ್ಟುಕೊಳ್ಳುವುದು ಒಳಿತು. ‘ಪ್ರಯೋಗಾಲಯಕ್ಕೆ ನಿಜ ಬರೆದುಕೊಟ್ಟಿದ್ದೇನೆ. ತೀರ್ಮಾನ ನನ್ನೊಬ್ಬನದು. ಈಗ ನೀವಿಬ್ಬರೂ ತಿಳಿಯತಕ್ಕದ್ದು. ಅವನು ತಾನಾಗಿ ಮಾತ್ರೆ ಬಿಡಲಿಲ್ಲ, ನಾನು—’