ವ್ಯಾನಿನಲ್ಲಿ ಹಿಡಿಸದ ಸೈಕಲ್ಲು

ನಾರ್ತ್‌ವಿಲ್, ಮಿಷಿಗನ್
ಅಕ್ಟೋಬರ್ ೬, ೨೦೨೪

ನನ್ನ ಲುಬ್ನಾಳಿಗೆ ಖಾದರ್ ಮಾಮೂನ ಸಲಾಂ.

ಮೊಣಕಾಲ ನೋವು ಇಳಿದಿದೆಯೇ? ನೆಂದದ್ದಕ್ಕೆ ಜ್ವರಗಿರ ಬರಲಿಲ್ಲ ತಾನೇ? ಶಿಕಾಗೋದ ಆ ಕೋಣೆಯಲ್ಲಿ ಬಿಸಿ ಅನ್ನ ಉಣ್ಣುತ್ತಿದ್ದೀಯೋ, ನೂಡಲ್ಸೇ ಗತಿಯೋ? ನಾನಂತೂ ಗಟ್ಟಿಯಾಗಿದ್ದೇನೆ. ಅರವತ್ತು ದಾಟಿದ ಮೇಲೆ ಅರೋರಾದ ನನ್ನ ಮನೆಯಿಂದ ನಿನ್ನ ಅಮ್ಮಿಯ ಊರು ನಾರ್ತ್‌ವಿಲ್‌ವರೆಗೆ ಸೈಕಲ್ ತುಳಿದುಬಂದ ಗಂಡಸು ನಮ್ಮವರಲ್ಲಿ ಇನ್ನೊಬ್ಬನಿದ್ದರೆ ಕರೆತಾ, ಅವನ ಕಾಲಿಗೆ ನಾನೇ ಎಣ್ಣೆ ತಿಕ್ಕುತ್ತೇನೆ. ಫೋನು ಮಾಡಿದರೆ ನೀನು ‘ಐ ಆ್ಯಮ್ ಫೈನ್, ಮಾಮೂ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಓದಲು ಬರುವುದಿಲ್ಲ ಎನ್ನಬೇಡ. ನಿನ್ನ ಕೈ ಹಿಡಿದು ಈ ಕನ್ನಡ ಅಕ್ಷರ ತಿದ್ದಿಸಿದವನು ನಾನು, ನಮ್ಮೂರ ಶಾಲೆಯ ಏಳನೇ ಇಯತ್ತೆಯ ಪಂಡಿತ.

ನನಗೆ ಸಿಟ್ಟು ಬಂದಿದೆ. ನಿನ್ನ ಅಮ್ಮಿಯ ಮೇಲೆ ಒಂದು ಪಾಲು, ನಿನ್ನ ಮೇಲೆ ಮೂರು ಪಾಲು. ನಾವಿಬ್ಬರೂ ಹೊರಡುವಾಗ, ಸೈಕಲ್ಲಿನ ಚೀಲದಲ್ಲಿ ಹಿಡಿಸದ ಸಾಮಾನು ನಮಗೆ ಬೇಡದ ಸಾಮಾನು ಎಂದು ಕಲಿಸಿದವಳು ನೀನು. ನನ್ನ ಕಬ್ಬಿಣದ ಬಾಣಲೆಯನ್ನೂ ಎರಡನೆಯ ಲುಂಗಿಯನ್ನೂ ಅರೋರಾದಲ್ಲೇ ಬಿಡಿಸಿದೆ. ಎದುರುಗಾಳಿಯ ಜೊತೆ ಜಗಳ ಬೇಡ, ತಲೆ ತಗ್ಗಿಸಿ ಸಣ್ಣ ಗೇರಿನಲ್ಲಿ ಹೋಗಬೇಕು ಎಂದೆ. ಹುಟ್ಟಿದಾಗಿನಿಂದ ಯಾರಿಗೂ ತಲೆ ತಗ್ಗಿಸದ ನಾನು ಅದನ್ನೂ ಕಲಿತೆ. ಆದರೆ ದೊಡ್ಡ ಪಾಠವನ್ನು ನೀನು ಕಲಿಸಲಿಲ್ಲ, ದಾರಿ ಕಲಿಸಿತು: ಮೊದಲನೆಯ ಡಬ್ಬಿಯನ್ನು ಮುಟ್ಟಬಾರದು.

ನಿನ್ನ ಅಮ್ಮಿ, ನಮ್ಮ ಜಾಹಿದಾ ಆಪಾಳ ಗುಣ ಗೊತ್ತಲ್ಲ. ತನ್ನ ಮನೆಗೆ ಬರುವವರು ದಾರಿಯಲ್ಲಿ ಕಂಡವರ ಅಡುಗೆ ತಿಂದರೆ ಅವಳ ಒಲೆಗೆ ಅವಮಾನ. ಹಲಾಲೋ ಅಲ್ಲವೋ ಎನ್ನುವುದು ಮೇಲಿನ ನೆಪ. ಫೋನಿನ ನಕ್ಷೆಯಲ್ಲಿ ನಾವಿರುವ ಜಾಗ ತೋರಿಸುವ ಚುಕ್ಕೆ ನೋಡುತ್ತ ವ್ಯಾನು ಓಡಿಸಿಕೊಂಡು ಬಂದು ಇಂಡಿಯಾನಾದಲ್ಲೇ ನಿಂತಳು. ನಾನು ಬೇಡವೆಂದೆ. ಅಮ್ಮಿ ನೊಂದುಕೊಳ್ಳುತ್ತಾಳೆ ಎಂದು ನೀನು ಖೀಮಾ ಡಬ್ಬಿ ಇಸಿದುಕೊಂಡೆ. (ಹೆಚ್ಚು ತಿಂದವನು ನಾನು, ಅದು ಬೇರೆ ಮಾತು.) ಅಲ್ಲಿಗೆ ಮುಗಿಯಿತು. ಆಮೇಲೆ ತಿರುವು ತಿರುವಿಗೂ ಆ ವ್ಯಾನು. ನಾವು ಡೇರೆ ಹಾಕಿದರೆ ಪಕ್ಕದಲ್ಲಿ ವ್ಯಾನು.

ಬ್ಯಾಟಲ್ ಕ್ರೀಕ್ ದಾಟಿದ ಮೇಲೆ ಆ ಹಾಳು ಮಳೆ, ನಿನ್ನ ಮೊಣಕಾಲು. ಆಪಾ ಬಾಗಿಲು ತೆರೆದು, ‘ಸಾಕವ್ವಾ, ಹತ್ತು. ಹೆಣ್ಣುಮಕ್ಕಳ ಕೆಲಸಲ್ಲ ಇದು’ ಅಂದಳು. ನೀನು ಹತ್ತಿದೆ. ದಣಿದು ಹತ್ತಿದ್ದರೆ ನಾನೇ ಕೈ ಹಿಡಿದು ಹತ್ತಿಸುತ್ತಿದ್ದೆ. ಆ ಮಾತಿಗೆ ಒಂದು ಉತ್ತರ ಕೊಡದೆ ಹತ್ತಿದೆಯಲ್ಲ, ಅದಕ್ಕೆ ನನ್ನ ಸಿಟ್ಟು. ವ್ಯಾನಿನ ತುಂಬ ಐಸ್ ಪೆಟ್ಟಿಗೆ, ಬಿರಿಯಾನಿ ಹಂಡೆ. ನಿನ್ನ ಸೈಕಲ್ಲಿಗೆ ಜಾಗವೇ ಇರಲಿಲ್ಲ. ರಸ್ತೆಬದಿ ಸೇಬು ಮಾರುವ ಮುದುಕನ ಕೊಟ್ಟಿಗೆಯಲ್ಲಿ ಅದನ್ನು ಒರಗಿಸಿ ನಾನೊಬ್ಬನೇ ಮುಂದೆ ಹೊರಟೆ.

ನಾನು ಮುಟ್ಟುವಷ್ಟರಲ್ಲಿ ನೀನು ರೈಲಿಗೆ ಶಿಕಾಗೋಗೆ ಮರಳಿದ್ದೆ. ಇಲ್ಲಿ ಬಂದು ನೋಡಿದರೆ, ಫಾರ್ಮಿಂಗ್ಟನ್ ಹಿಲ್ಸಿನಿಂದ ಚಹಾಕ್ಕೆ ಬಂದ ಹೆಂಗಸರ ಮುಂದೆ ಆಪಾ ಹೇಳುತ್ತಿದ್ದಾಳೆ: ‘ಸೈಕಲ್ ಮ್ಯಾಲೆ ಮನೀತನಕ ಬರಾಕ ಆಗಲಿಲ್ಲ, ಪೋರ್ಟ್‌ಲ್ಯಾಂಡಿನಾಗ ಒಬ್ಬಾಕೀನ ನೌಕರಿ ಹೆಂಗ ಮಾಡ್ತಾಳ?’ ನಿನ್ನ ಅಬ್ಬಾ ತಲೆಯಾಡಿಸುತ್ತಾರೆ. ಕೆಟ್ಟದ್ದೆಂದರೆ, ನೀನೂ ಶಿಕಾಗೋದಲ್ಲಿ ಕೂತು ತಲೆಯಾಡಿಸುತ್ತಿದ್ದೀ. ಇಲ್ಲದಿದ್ದರೆ ಕರೆದು ಕೆಲಸ ಕೊಟ್ಟ ಆ ಪೋರ್ಟ್‌ಲ್ಯಾಂಡಿನ ಆಸ್ಪತ್ರೆಯವರಿಗೆ ಇನ್ನೂ ಏಕೆ ಹೂಂ ಎಂದಿಲ್ಲ? ಅವರ ಗಡುವು ಇದೇ ಹದಿನಾಲ್ಕರ ಸೋಮವಾರಕ್ಕೆ ಮುಗಿಯುತ್ತದೆ. ಒಂದು ಸಲ ವ್ಯಾನು ಹತ್ತಿದ್ದಕ್ಕೆ ಜೀವಮಾನವಿಡೀ ವ್ಯಾನಿನಲ್ಲೇ ಕೂರುತ್ತೀಯಾ?

ಅಲ್ಲಾಹನು ನಿನ್ನ ಮೊಣಕಾಲಿಗೆ ಬಲ ಕೊಡಲಿ, ನಾಲಗೆಗೆ ಅದಕ್ಕಿಂತ ಹೆಚ್ಚು ಕೊಡಲಿ.

ನಿನ್ನ ಸಿಟ್ಟಿನ ಮಾಮೂ,
ಖಾದರ್

ಲಕೋಟೆ ಅಂಟಿಸುವ ಮೊದಲು: ನಿನ್ನ ಸೈಕಲ್ಲು ತರಲು ನಿನ್ನ ಅಬ್ಬಾ ಟ್ರಕ್ಕು ಕೊಡುತ್ತೇನೆಂದರು. ಸೇಬಿನ ಮುದುಕ ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ. ಶನಿವಾರ ಬೆಳಗಿನ ರೈಲಿಗೆ ಬಂದು ಬ್ಯಾಟಲ್ ಕ್ರೀಕಿನಲ್ಲಿ ಇಳಿ. ಅರೋರಾಕ್ಕೆ ಹೊರಟಂತೆ ಮಾಡಿ ನಾನು ಮೊದಲೇ ಬಂದು ನಿಲ್ದಾಣದಲ್ಲಿರುತ್ತೇನೆ. ನೀನು ಸೈಕಲ್ಲಿಂದ ಇಳಿದ ಜಾಗದಲ್ಲೇ ಮತ್ತೆ ಹತ್ತಬೇಕು, ಅಲ್ಲಿಂದ ನಿನ್ನ ಅಮ್ಮಿಯ ಬಾಗಿಲವರೆಗೆ. ಮೊಣಕಾಲು ಒಲ್ಲೆನೆಂದರೆ ತಳ್ಳಿಕೊಂಡು ನಡೆಯೋಣ. ಫೋನು ಕೋಣೆಯಲ್ಲೇ ಬಿಟ್ಟು ಬಾ. ನನ್ನದನ್ನು ಮರೆತವನಂತೆ ಆಪಾಳ ಫ್ರಿಜ್ ಮೇಲೆ ಬಿಟ್ಟಿರುತ್ತೇನೆ, ಅವಳು ಚುಕ್ಕೆ ನೋಡುತ್ತ ಕೂತಿರಲಿ. ಆಸ್ಪತ್ರೆಯವರಿಗೆ ಹೂಂ ಎಂದು ಬರೆದೇ ರೈಲು ಹತ್ತು. ಡಬ್ಬಿ ತರಬೇಡ.