ಹಸಿ ಕೆಸರಿನ ಮೇಲೆ ಬೆಂಕಿ

ಮಾರ್ಚ್ ೧೪, ಭಾನುವಾರ
ಜೌಗಿನಂಚಿನ ಕೊಠಡಿಯಿಂದ

ನನ್ನ ಪ್ರೀತಿಯ ಅತ್ತಿಗೆಗೆ,

ಚೆನ್ನಾಗಿದ್ದೀರಾ? ನಿಮ್ಮ ಪತ್ರ ಬಂದು ತಿಂಗಳಾಗುತ್ತಾ ಬಂತು. ಉತ್ತರ ಕಾಣದೆ ಏನೇನೋ ಅಂದುಕೊಂಡಿರುತ್ತೀರಿ. ಕೋಪವಲ್ಲ ಅತ್ತಿಗೆ, ಖಂಡಿತ ಅಲ್ಲ. ಕೆಲಸವಿತ್ತು ಎಂಬುದು ಅರ್ಧ ನಿಜ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಪೆನ್ನು ನಿಂತುಬಿಡುತ್ತಿತ್ತು. ಕ್ಷಮಿಸಿ.

ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಗುರುವಾರ ನಡೆದದ್ದನ್ನು ಮೊದಲು ಹೇಳಿಬಿಡಬೇಕು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಅಣ್ಣ ಹೋದ ಮೇಲೆ ನಾನು ಸಂಶೋಧನೆಯ ವಿಷಯ ಬದಲಾಯಿಸಿದಾಗ ನೀವು ಒಂದೇ ಮಾತು ಕೇಳಿದ್ದಿರಿ: “ಬೆಂಕಿ ಆರಿಸೋಕೆ ಹೋದವರು ವಾಪಸ್ ಬರಲಿಲ್ಲ. ನೀನು ಹಚ್ಚೋದನ್ನ ಕಲೀತೀಯಾ?” ಗೈಡ್ ಮೇಡಂ ಕೂಡ ಸುಲಭಕ್ಕೆ ಒಪ್ಪಲಿಲ್ಲ. “ದುಃಖ ಇಟ್ಕೊಂಡು ಪಿಎಚ್‌ಡಿ ಮಾಡೋಕಾಗಲ್ಲಮ್ಮ, ಪ್ರಶ್ನೆ ಇಟ್ಕೊಂಡು ಬಾ” ಅಂದರು.

ಅಣ್ಣನನ್ನು ನುಂಗಿದ ಈ ಜೌಗಿನಲ್ಲಿ ವರ್ಷಗಟ್ಟಲೆ ಯಾರೂ ಕಿಡಿ ಬೀಳಗೊಟ್ಟಿರಲಿಲ್ಲ. ಒಣಜೊಂಡು ಆಳೆತ್ತರ ಪೇರಿಕೊಂಡಿತ್ತು. ನೀರು ಬತ್ತಿದ ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ, ಕೊಳೆತ ಬೇರು ತುಂಬಿದ ಕಾಲಡಿಯ ಮಣ್ಣೇ ಹೊತ್ತಿಕೊಂಡಿತು. ಹಾಗಾದರೆ, ಕೆಸರು ಹಸಿಯಾಗಿರುವಾಗಲೇ ನಾವಾಗಿ ಸಣ್ಣ ಸಣ್ಣ ಪಟ್ಟಿಗಳನ್ನು ಸುಟ್ಟರೆ? ಬೇರು ಉಳಿದೀತೇ, ಹಕ್ಕಿಗಳು ಮರಳಿಯಾವೇ, ದೊಡ್ಡ ಬೆಂಕಿ ತಪ್ಪೀತೇ? ಇಷ್ಟೇ ನನ್ನ ಪಿಎಚ್‌ಡಿ.

ಕಳೆದ ವರ್ಷ ಮೊದಲ ಪಟ್ಟಿಗೆ ಬೇರೆಯವರು ಬೆಂಕಿಯಿಟ್ಟಿದ್ದರು, ನಾನು ದೂರ ನಿಂತು ಅಳತೆ ಬರೆದುಕೊಂಡಿದ್ದೆ. ಗುರುವಾರ ಎರಡನೆಯದರ ಸರದಿ. ಅಗ್ನಿಶಾಮಕದ ಗಾಡಿಯಿಂದ ಇಳಿದವರು ಯಾರು ಗೊತ್ತೇ? ಅಣ್ಣನ ಜೊತೆಗಾರ, ನಮ್ಮ ಗುಡುಗು! ಪಿಸುಗುಟ್ಟಿದರೂ ಬೀದಿಗೆಲ್ಲ ಕೇಳುತ್ತಿದ್ದ ಆ ಗಂಟಲು ತಗ್ಗಿಹೋಗಿದೆ. ಮೇಡಂ ಪಂಜನ್ನು ನನ್ನ ಕೈಗೇ ಕೊಟ್ಟರು. “ನೀವೇ ಹಚ್ಚಿ” ಎಂದು ಗುಡುಗು ಅವರಿಗೆ ನೀಡಿದೆ.

“ಆರಿಸೋದು ಬಿಟ್ಟು ನಂಗೇನು ಬರುತ್ತೆ? ನೀನೇ ಹಚ್ಚು. ಪೈಪ್ ಹಿಡ್ಕೊಂಡು ನಿನ್ನ ಬೆನ್ನ ಹಿಂದೇನೇ ಇರ್ತೀನಿ.”

ಹಚ್ಚಿದೆ. ಜೊಂಡು ಪಟಪಟನೆ ಸಿಡಿಯತೊಡಗಿತು. ಎಲ್ಲ ಸರಿಯಿದೆ ಅನ್ನುವಷ್ಟರಲ್ಲಿ ಗಾಳಿ ತಿರುಗಿತು. ಬೆಂಕಿ ನಾವು ಹಾಕಿದ ಗೆರೆ ದಾಟಿ, ಆಚೆಯ ಹಳೇ ಜೊಂಡಿನತ್ತ ನುಗ್ಗಿತು. “ಹಿಂದೆ ಬಾ!” ಎಂದು ಗುಡುಗು ನನ್ನ ರಟ್ಟೆ ಹಿಡಿದೆಳೆದರು. ಆದರೆ ನಡುವೆ ಕಳೆದ ವರ್ಷ ಸುಟ್ಟ ಪಟ್ಟಿಯಿತ್ತಲ್ಲ, ಮೊಣಕಾಲೆತ್ತರದ ಹಸಿ ಚಿಗುರು, ಬುಡದಲ್ಲಿ ನೀರು. ಅಲ್ಲಿಗೆ ಬಂದ ಬೆಂಕಿಗೆ ತಿನ್ನಲು ಏನೂ ಸಿಗಲಿಲ್ಲ. ಒಂದಿಷ್ಟು ಹೊಗೆಯಾಡಿ ಅಲ್ಲೇ ಕೂತುಬಿಟ್ಟಿತು. ಪೈಪಿನಿಂದ ಹನಿ ನೀರೂ ಬಿಡಬೇಕಾಗಲಿಲ್ಲ.

ಉಳಿದವರು ಚಪ್ಪಾಳೆ ತಟ್ಟಿದರು. ಗುಡುಗು ಏರಿಯ ಮೇಲೆ ಕುಸಿದು ಕೂತರು. ಹೆಲ್ಮೆಟ್ಟಿನಿಂದ ಮುಖ ಮರೆಮಾಡಿಕೊಂಡು, “ಅವತ್ತು ಇಂಥದ್ದೊಂದು ಪಟ್ಟಿ ಇದ್ದಿದ್ರೆ ಸಾಕಿತ್ತು ಕಣಮ್ಮ. ಇಬ್ರೂ ಓಡಿ ಬಂದು ಅದರಲ್ಲಿ ನಿಂತ್ಕೋತಿದ್ವಿ” ಅಂದರು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಮೇಡಂ ಅಳತೆಗಳನ್ನೆಲ್ಲ ತಾವೇ ಬರೆದುಕೊಂಡರು, ನಮ್ಮನ್ನು ಕರೆಯಲಿಲ್ಲ.

ಈಗ ನಿಮ್ಮ ಪ್ರಶ್ನೆ. ನಿಮ್ಮೂರ ಶಾಲೆಯ ಮೇಷ್ಟ್ರು ನಿಮ್ಮನ್ನು ಮದುವೆಯಾಗುತ್ತೇನೆ ಎಂದಿದ್ದಾರೆ, “ನೀನು ಬೇಡ ಅಂದ್ರೆ ಬೇಡ” ಎಂದು ಬರೆದಿದ್ದೀರಿ. ಸುಟ್ಟ ಜೊಂಡು ಚಿಗುರಿದ ಹಾಗೆ ಎಂದೆಲ್ಲ ನಾನು ಬರೆಯಲಾರೆ. ನೀವು ಜೊಂಡಲ್ಲ, ಟೀಗೆ ಸಕ್ಕರೆ ಹಾಕಲು ಮರೆಯುವ ನನ್ನ ಅತ್ತಿಗೆ. ಆ ಸಪ್ಪೆ ಟೀಯನ್ನು ಅವರು ತುಟಿಪಿಟಕ್ಕೆನ್ನದೆ ಕುಡಿದರಂತಲ್ಲ, ಅಂಥವರನ್ನು ಬಿಡಬೇಡಿ. ಮದುವೆಯಾಗಿ. ಮನಸಾರೆ ಹೇಳುತ್ತಿದ್ದೇನೆ. ಹೊಗೆ ವಾಸನೆ ಹೊತ್ತುಕೊಂಡಾದರೂ ಬಂದು ಮೊದಲ ಸಾಲಿನಲ್ಲೇ ಕೂರುತ್ತೇನೆ.

ನಿಮ್ಮ ಹೊಸ ಮನೆ ನಗುವಿನಿಂದ ತುಂಬಿರಲಿ.

ನಿಮ್ಮ
ಕಪ್ಪೆಮರಿ

ತಾ.ಕ.: ಆಮೇಲೂ ನಿಮ್ಮನ್ನು ಅತ್ತಿಗೆ ಎಂದೇ ಕರೆಯಬಹುದೇ? ಇದನ್ನು ಕೇಳಲಾಗದೆಯೇ ಉತ್ತರವನ್ನು ಇಷ್ಟು ದಿನ ಮುಂದೆ ತಳ್ಳಿದೆ. ಅಪ್ಪ ಅಮ್ಮ ಇಲ್ಲ, ಅಣ್ಣನೂ ಇಲ್ಲ. ಆ ಒಂದು ಕರೆಯೂ ಹೋದರೆ ನಾನು ಯಾರಿಗೂ ಏನೂ ಆಗಿ ಉಳಿಯುವುದಿಲ್ಲ. ಮೇಷ್ಟ್ರಿಗೆ ಮುಜುಗರವಾಗುವುದಾದರೆ, ಅವರೆದುರು ಕರೆಯುವುದಿಲ್ಲ.