ಕೊನೆಯ ತಿರುವಿನ ರಾಕ್ಷಸ

ಪ್ರೀತಿಯ ಅಣ್ಣ,

ಗುಡ್ಡದ ಕಾರ್ ರೇಸ್ ಈ ವರ್ಷ ಮತ್ತೆ ಶುರುವಾಗುತ್ತಿದೆ. ಅಪ್ಪ ಹೆಸರು ಕೊಟ್ಟು ಬಂದಿದ್ದಾರೆ, ಅದೂ ನಮ್ಮ ಹಳೆಯ ಕಾರನ್ನೇ ಓಡಿಸಲು. ಬೈಯುವ ಮೊದಲು ಪೂರ್ತಿ ಓದು.

ನಾವು ಚಿಕ್ಕವರಿದ್ದಾಗ ರೇಸ್ ಕೆಡಿಸಿದ ರಾಕ್ಷಸ ನೆನಪಿದೆಯಾ? ಅಪ್ಪನ ಕಾರೇ ಎಲ್ಲರಿಗಿಂತ ಮುಂದಿತ್ತು. ಕೊನೆಯ ತಿರುವಿನಲ್ಲಿ ಪೊದೆಯಿಂದ ಕರಿಯ ಆಕಾರವೊಂದು ಎದ್ದು ಘರ್ಜಿಸಿತು. ಪಕ್ಕದಲ್ಲಿದ್ದ ಚಿಕ್ಕಪ್ಪ “ರಾಕ್ಷಸ!” ಎಂದು ಕಿರುಚಿ ಸೀಟಿನಡಿ ನುಗ್ಗಿದರು. ಅಪ್ಪ ಬ್ರೇಕ್ ಒತ್ತಿ ಕಾರನ್ನು ರಸ್ತೆಗೆ ಅಡ್ಡ ನಿಲ್ಲಿಸಿದರು. ಹಿಂದಿನವರೆಲ್ಲ ಅಲ್ಲೇ ಸಿಕ್ಕಿಕೊಂಡರು, ರೇಸೇ ರದ್ದಾಯಿತು. ನಾವಿಬ್ಬರೂ ದೊಣ್ಣೆ ಹಿಡಿದು ರಜೆಯೆಲ್ಲ ರಾಕ್ಷಸನನ್ನು ಹುಡುಕಿದೆವು. ಅಮ್ಮ “ಜೋಪಾನ, ಕಚ್ಚೀತು” ಎಂದು ತಿಂಡಿ ಕಟ್ಟಿಕೊಡುತ್ತಿದ್ದಳು.

ನಿನ್ನೆ ಕಾರು ತೊಳೆಯುತ್ತಾ ಕೇಳಿದೆ: “ಅಪ್ಪಾ, ನಿಜಕ್ಕೂ ಅದೇನು?”

“ನಿಮ್ಮಮ್ಮ ಕಣೇ. ಅದರ ಹಿಂದಿನ ವರ್ಷ ರೇಸಲ್ಲಿ ನನ್ನ ಕಾಲು ಮುರಿದಿತ್ತಲ್ಲ, ಹೆದರಿಬಿಟ್ಟಿದ್ಲು. ಕರೀ ಕಂಬಳಿ ಹೊದ್ಕೊಂಡು ಕಾದು ಕೂತಿದ್ಲು.”

“ನಿಮಗೆ ಆಗಲೇ ಗೊತ್ತಾಯ್ತಾ?”

“ರಾಕ್ಷಸ ಎಲ್ಲಾದ್ರೂ ಹವಾಯಿ ಚಪ್ಪಲಿ ಹಾಕ್ಕೊಳ್ತಾನೇನೇ?”

“ಮತ್ತೆ ಗೊತ್ತಾಯ್ತು ಅಂತ ಅಮ್ಮಂಗೆ ಹೇಳ್ಲಿಲ್ವಾ?”

“ನನ್ನನ್ನ ಹೆದರಿಸಿದೆ ಅಂತ ಒಳಗೊಳಗೇ ಹಿಗ್ತಿದ್ಲು. ಹೇಳಿ ಆ ಖುಷಿ ಯಾಕೆ ಕೆಡಿಸ್ಲಿ?” ಎಂದು ಅಪ್ಪ ಜೋರಾಗಿ ನಕ್ಕರು.

ಅಮ್ಮ ಹೋದ ಮೇಲೆ ಅಪ್ಪ ಹೀಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಒರೆಸಿದ ಗಾಜನ್ನೇ ಬಹಳ ಹೊತ್ತು ಒರೆಸುತ್ತಾ ನಿಂತರು.

ಚಿಕ್ಕಪ್ಪನಿಗೆ ಈಗ ಮಂಡಿನೋವು. ನೀನೇ ಬಂದು ಅಪ್ಪನ ಪಕ್ಕ ಕೂರಬೇಕು. ಗೆಲ್ಲುವ ಆಸೆ ಅವರಿಗಿಲ್ಲ. ಆ ತಿರುವಿನಲ್ಲಿ ಅವರು ಕಾರು ನಿಲ್ಲಿಸಿದರೆ ಅವಸರಪಡಿಸಬೇಡ.

ನಿನ್ನ ದಾರಿ ಕಾಯುವ,
ತಂಗಿ